ಮರಳುಗಾಡಿನಲ್ಲಿ ಇಬ್ಬರು ಗೆಳತಿಯರು

1934ನೆಯ ಇಸವಿ ಡಿಸೆಂಬರ್ 11. ಲಂಡನ್ ನಗರದಿಂದ ಒಂದು ಮೋಟಾರ್ ಸೈಕಲ್ ಹೊರಟಿತು. ಅದರ ಪಕ್ಕಕ್ಕೆ ಒಬ್ಬರು ಕೂರುವಷ್ಟು ಜಾಗವುಳ್ಳ ಸೈಡ್‌ಕಾರ್. ಹಿಂದಕ್ಕೆ ಸಾಮಾನು ತುಂಬಿದ ಪುಟ್ಟ ಟ್ರೇಲರ್. ನಡೆಸುತ್ತಿದ್ದವರೂ ಹೆಣ್ಣು, ಪಕ್ಕದಲ್ಲಿ ಕುಳಿತವರೂ ಹೆಣ್ಣು. ಹೊರಟಿದ್ದುದಾದರೂ ಎಲ್ಲಿಗೆ? ಆಫ್ರಿಕ ಖಂಡದ ದಕ್ಷಿಣ ತುದಿಯಲ್ಲಿರುವ ಕೇಪ್‌ಟೌನಿಗೆ. ನಡುವೆ ಇದ್ದುದು ಸಹರಾ ಮರುಭೂಮಿ, ಅದರಾಚೆಗೆ ಸಮಭಾಜಕ ವೃತ್ತದ ದಟ್ಟ ಕಾಡು, ಅದರಾಚೆಗೆ ಸಿಂಹಗಳು ಸಂಚರಿಸುವ ಹುಲ್ಲುಗಾವಲು.

ಅವರನ್ನು ಬೀಳ್ಕೊಟ್ಟವರಲ್ಲಿ ಲೇಡಿ ಆಸ್ಟರ್ ಒಬ್ಬರು. 1919ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸ್ಥಾನ ಸ್ವೀಕರಿಸಿದ ಮೊಟ್ಟಮೊದಲ ಮಹಿಳೆ ಅವರು. ಗಂಡಸರು ತುಂಬಿದ ಸಭೆಗೆ ಒಬ್ಬಂಟಿಯಾಗಿ ಕಾಲಿಟ್ಟ ಆಕೆಗೆ, ಈ ಇಬ್ಬರು ಹೊರಟಿದ್ದ ದಾರಿ ಎಂಥದೆಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿದಿದ್ದೀತು.

ಹಿಂದೆ ನೆರವಿಗೆ ಬರುವ ಲಾರಿಯಿರಲಿಲ್ಲ. ಜೊತೆಗೆ ಮೆಕ್ಯಾನಿಕ್ ಇರಲಿಲ್ಲ. ಕೈಯಲ್ಲಿ ಒಂದು ದಿಕ್ಸೂಚಿಯೂ ಇರಲಿಲ್ಲ. ಒಬ್ಬರಿಗೆ ಇನ್ನೊಬ್ಬರು, ಇಬ್ಬರಿಗೂ ಒಂದು ಯಂತ್ರ. ಇಷ್ಟೇ ಅವರ ಬಲ.

ವೇಗದ ಹುಚ್ಚು

ಹಿರಿಯವರ ಹೆಸರು ಫ್ಲಾರೆನ್ಸ್ ಬ್ಲೆಂಕಿರನ್. ಹುಟ್ಟಿದ್ದು 1904ರಲ್ಲಿ. ಕಿರಿಯವರು ಥೆರೆಸಾ ವಾಲಕ್, 1909ರಲ್ಲಿ ಹುಟ್ಟಿದವರು. ಇಬ್ಬರಿಗೂ ಮೋಟಾರ್ ಸೈಕಲ್ಲೆಂದರೆ ಪ್ರಾಣ. ಇಬ್ಬರೂ ಪಂದ್ಯಗಳಲ್ಲಿ ಓಡಿಸಿದವರು.

ಲಂಡನ್ನಿಗೆ ಸಮೀಪದ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ 1907ರಲ್ಲಿ ತೆರೆದ ಪಂದ್ಯದ ಓಟದಾರಿಯೊಂದಿತ್ತು. ಕಾಂಕ್ರೀಟಿನಿಂದ ಕಟ್ಟಿದ ಅದರ ತಿರುವುಗಳು ಬಾಣಲೆಯ ಅಂಚಿನಂತೆ ಮೇಲಕ್ಕೆ ಎದ್ದಿದ್ದವು. ವೇಗದಿಂದ ಬರುವ ವಾಹನ ಆ ಗೋಡೆಯನ್ನೇ ಹಿಡಿದು ಸುತ್ತಬೇಕು. ಅಲ್ಲಿ ಪಂದ್ಯದಲ್ಲಿ ಒಂದು ಸುತ್ತನ್ನು ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಮುಗಿಸಿದ ಮೋಟಾರ್ ಸೈಕಲ್ ಸವಾರರಿಗೆ 'ಗೋಲ್ಡ್ ಸ್ಟಾರ್' ಎಂಬ ಪುಟ್ಟ ಪದಕ ಸಲ್ಲುತ್ತಿತ್ತು. ಪದಕ ಪುಟ್ಟದು, ಅದಕ್ಕಿದ್ದ ಮಾನ ದೊಡ್ಡದು. 1934ರ ಏಪ್ರಿಲ್ ತಿಂಗಳಲ್ಲಿ ಆ ಪದಕವನ್ನು ಗೆದ್ದ ಮೊದಲ ಹೆಂಗಸು ಎನಿಸಿಕೊಂಡವರು ಕುಮಾರಿ ಬ್ಲೆಂಕಿರನ್. ಅದೇ ವರ್ಷ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮತ್ತೊಬ್ಬಾಕೆಯೂ ಅದನ್ನು ಪಡೆದರು. ವಾಲಕ್‌ಗೆ ಆ ಭಾಗ್ಯ ಇನ್ನೂ ದಕ್ಕಿರಲಿಲ್ಲ.

ವಾಲಕ್ ಬೇರೊಂದು ದಿಕ್ಕಿನಿಂದ ಯಂತ್ರದ ಬಳಿಗೆ ಬಂದವರು. 1928ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ನಾರ್ಥಾಂಪ್ಟನ್ ಪಾಲಿಟೆಕ್ನಿಕ್ಕಿನಲ್ಲಿ ಇಂಜಿನಿಯರಿಂಗ್ ಓದಲು ಸೇರಿದರು. ಹೆಣ್ಣುಮಕ್ಕಳು ಆ ತರಗತಿಗಳಲ್ಲಿ ತೀರ ವಿರಳವಾಗಿದ್ದ ಕಾಲ ಅದು. ಮನೆಯವರಿಗೆ ಮಗಳ ಈ ಹವ್ಯಾಸ ಹಿಡಿಸಿರಲಿಲ್ಲ. ಮಗಳು ಪಂದ್ಯ ಗೆದ್ದರೂ ಆ ಗೆಲವು ಮನೆಗೆ ಹಬ್ಬ ತರುವಂಥದಾಗಿರಲಿಲ್ಲ. ಕೈಗೆ ಮಸಿ, ಉಡುಪಿಗೆ ಎಣ್ಣೆ, ನಾಲ್ವರ ಬಾಯಿಗೆ ಮಾತು. ಯಾವ ತಾಯಿತಂದೆಗಳು ತಾನೆ ಇದನ್ನು ಬಯಸಿಯಾರು? ಆದರೆ ಮುಂದೆ ಮರುಭೂಮಿಯ ನಡುವೆ ಇಬ್ಬರ ಜೀವವೂ ನಿಂತದ್ದು ಆ ಮಸಿ ಮೆತ್ತಿದ ಕೈಗಳ ಮೇಲೆಯೇ.

ಕೇಪ್‌ಟೌನ್ ಯಾತ್ರೆಯ ಯೋಚನೆ ಮೊದಲು ಮೊಳೆತದ್ದು ಬ್ಲೆಂಕಿರನ್ನರ ತಲೆಯಲ್ಲಿ. ಗೆಳತಿಯ ಮುಂದೆ ಅದನ್ನು ಇಟ್ಟರು. ವಾಲಕ್ ಒಪ್ಪಿದರು. ಏಪ್ರಿಲ್‌ನಲ್ಲಿ ನೂರು ಮೈಲಿಯ ವೇಗವನ್ನು ಮುಟ್ಟಿದ ಬ್ಲೆಂಕಿರನ್ ಡಿಸೆಂಬರಿನಲ್ಲಿ ಗೆಳತಿಯೊಡನೆ ಆಫ್ರಿಕದ ದಾರಿ ಹಿಡಿದರು. ವೇಗಕ್ಕೆ ಬೆಲೆಯೇ ಇಲ್ಲದ ದಾರಿ ಅದು.

ಎಳೆಯುವ ಚಿರತೆ

ಅವರು ಆರಿಸಿಕೊಂಡ ವಾಹನ ಪಂದ್ಯದ ಕುದುರೆಯಲ್ಲ. ಅದನ್ನು ನೊಗಕ್ಕೆ ಹೂಡುವ ಎತ್ತು ಎಂದರೆ ಸರಿಯಾದೀತು. ಯಾರ್ಕ್‌ಷೈರಿನ ಕ್ಲೆಕ್‌ಹೀಟನ್ ಎಂಬ ಊರಿನಲ್ಲಿ ಫೆಲನ್ ಅಂಡ್ ಮೂರ್ ಎಂಬ ಕಂಪೆನಿ 'ಪ್ಯಾಂಥರ್' ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತಿತ್ತು. ಹೆಸರೇನೋ ಚಿರತೆ, ಆದರೆ ಅದರ ಗುಣ ಹಾರುವುದಲ್ಲ, ಎಳೆಯುವುದು. ಕಾರು ಕೊಳ್ಳಲು ಶಕ್ತಿಯಿಲ್ಲದ ಇಂಗ್ಲಿಷ್ ಸಂಸಾರವಂದಿಗರು ಇಂಥ ವಾಹನಕ್ಕೆ ಸೈಡ್‌ಕಾರ್ ಜೋಡಿಸಿ, ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ರಜೆಯ ದಿನ ಕಡಲತೀರಕ್ಕೆ ಹೋಗುತ್ತಿದ್ದರು.

ಗೆಳತಿಯರಿಗೆ ದೊರೆತದ್ದು 'ರೆಡ್‌ವಿಂಗ್' ಎಂಬ ಮಾದರಿ, 600 ಸಿ.ಸಿ. ಶಕ್ತಿಯದು. ಇದ್ದುದು ಒಂದೇ ಸಿಲಿಂಡರ್. 87 ಮಿಲಿಮೀಟರ್ ಅಗಲದ ಪಿಸ್ಟನ್ 100 ಮಿಲಿಮೀಟರ್ ಉದ್ದಕ್ಕೆ ಹೋಗಿಬರುತ್ತಿತ್ತು. ಸಿಲಿಂಡರ್ ನೆಟ್ಟಗೆ ನಿಂತಿರದೆ ಮುಂದಕ್ಕೆ ಬಾಗಿತ್ತು. ವಾಹನದ ಚೌಕಟ್ಟಿನ ಮುಂಭಾಗದ ಕೊಳವೆ ಇರಬೇಕಾದ ಜಾಗದಲ್ಲಿ ಇಂಜಿನ್ನೇ ಆಧಾರವಾಗಿ ನಿಂತಿತ್ತು. ಭಾಗಗಳು ಕಡಮೆ, ಕೆಡುವುದೂ ಕಡಮೆ, ಕೆಟ್ಟರೆ ಬಿಚ್ಚುವುದು ಸುಲಭ. ದೂರದ ದಾರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇರೊಂದಿಲ್ಲ. ಇಡೀ ವಾಹನಕ್ಕೆ ಅವರು 'ವೆಂಚರ್' ಎಂದು, ಅಂದರೆ ಸಾಹಸವೆಂದು, ಹೆಸರಿಟ್ಟರು.

ಎರಡು ಗಾಲಿಯ ಮೋಟಾರ್ ಸೈಕಲ್ಲನ್ನು ಬಲ್ಲವರಿಗೆ ಸೈಡ್‌ಕಾರ್ ಕೂಡಿದ ವಾಹನ ಸುಲಭವಾಗಿ ಒಲಿಯುವುದಿಲ್ಲ. ಎರಡು ಗಾಲಿಯದು ತಿರುವಿನಲ್ಲಿ ಸವಾರನೊಡನೆ ಬಾಗುತ್ತದೆ. ಮೂರು ಗಾಲಿಯದು ಬಾಗುವುದಿಲ್ಲ. ಅದನ್ನು ತೋಳಿನ ಬಲದಿಂದಲೇ ತಿರುಗಿಸಬೇಕು. ವೇಗ ಹೆಚ್ಚಿಸಿದರೆ ಸೈಡ್‌ಕಾರಿನ ಕಡೆಗೆ ಎಳೆಯುತ್ತದೆ, ಬ್ರೇಕು ಹಾಕಿದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಇಷ್ಟು ಸಾಲದೆಂಬಂತೆ ಇವರ ಬಂಡಿಗೆ ಹಿಂದೊಂದು ಟ್ರೇಲರ್. ಓಟದಾರಿಯಲ್ಲಿ ಹಕ್ಕಿಯಂತೆ ಹಾರಿದ್ದವರು ಇಲ್ಲಿ ಹೊಸ ಎತ್ತನ್ನು ಪಳಗಿಸುವ ರೈತರಂತೆ ಮೊದಲಿನಿಂದ ಕಲಿಯಬೇಕಾಯಿತು.

ದಕ್ಷಿಣಕ್ಕೆ, ಇನ್ನೂ ದಕ್ಷಿಣಕ್ಕೆ

ಫ್ರಾನ್ಸನ್ನು ದಾಟಿ, ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಕಳೆದು ಅವರು ಆಲ್ಜಿಯರ್ಸ್ ಬಂದರನ್ನು ಸೇರಿದರು. ಆಗ ಆಲ್ಜೀರಿಯ ಫ್ರೆಂಚರ ವಶದಲ್ಲಿತ್ತು. ಅದು ಸ್ವತಂತ್ರವಾದದ್ದು 1962ರಲ್ಲಿ. ಸಹರಾಕ್ಕೆ ಇಳಿಯಬೇಕಾದರೆ ಫ್ರೆಂಚ್ ಅಧಿಕಾರಿಗಳ ಅನುಮತಿ ಬೇಕಾಗಿತ್ತು. ಮರುಭೂಮಿಯಲ್ಲಿ ಯಾರಾದರೂ ಕಾಣೆಯಾದರೆ ಹುಡುಕಿಸುವ ಹೊಣೆ ಅವರದು. ಹೀಗಿರುವಾಗ ಇಬ್ಬರು ಹೆಂಗಸರು, ಅದರಲ್ಲೂ ಮೋಟಾರ್ ಸೈಕಲ್ಲಿನಲ್ಲಿ, ದಾಟುತ್ತೇವೆಂದರೆ ಅವರು ಹುಬ್ಬೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅನುಮತಿ ಸುಲಭವಾಗಿ ಕೈಗೆ ಬರಲಿಲ್ಲ. ಕಡೆಗೂ ಬಂದಿತು.

ಅಟ್ಲಾಸ್ ಪರ್ವತಸಾಲನ್ನು ಹತ್ತಿ ಇಳಿದರೆ ಆಚೆಗೆ ಮರುಭೂಮಿಯ ಬಾಗಿಲು. ಎಲ್ ಗೋಲಿಯ, ಇನ್ ಸಲಾಹ್, ತಮನ್‌ರಾಸೆಟ್ ಮೊದಲಾದವು ಆ ದಾರಿಯ ಊರುಗಳು. ಎಲ್ ಗೋಲಿಯದಿಂದ ಇನ್ ಸಲಾಹ್‌ಗೆ ಸುಮಾರು 400 ಕಿಲೋಮೀಟರ್. ಅಲ್ಲಿಂದ ತಮನ್‌ರಾಸೆಟ್‌ಗೆ ಅದಕ್ಕಿಂತಲೂ ಬಹಳ ಹೆಚ್ಚು. ಖರ್ಜೂರದ ಮರಗಳ ಒಂದು ಗುಂಪು, ಒಂದು ಬಾವಿ, ಮಣ್ಣಿನ ಗೋಡೆಯ ಮನೆಗಳು, ಫ್ರೆಂಚ್ ಸೈನಿಕರ ಒಂದು ಠಾಣೆ. ಇಷ್ಟಿದ್ದರೆ ಅದು ದೊಡ್ಡ ಊರು. ಆ ಊರು ಕಣ್ಣಿಗೆ ಮರೆಯಾದ ಮೇಲೆ ಮತ್ತೆ ಹಲವು ದಿನ ಮನುಷ್ಯನ ಮುಖ ಕಾಣುವ ಭರವಸೆಯಿಲ್ಲ.

ಸಹರಾ ಎಂದೊಡನೆ ಕಣ್ಣಿಗೆ ಕಟ್ಟುವುದು ಮರಳಿನ ದಿಬ್ಬಗಳು. ವಾಸ್ತವವಾಗಿ ದಿಬ್ಬಗಳಿರುವ ಭಾಗ ಅದರಲ್ಲಿ ಕಿರಿದು. ಬಹುಪಾಲು ನೆಲ ಬರಿಯ ಬಂಡೆ, ಇಲ್ಲವೆ ಜಲ್ಲಿ ಹರಡಿದ ಬಯಲು. ತಮನ್‌ರಾಸೆಟ್ ಇರುವುದು ಹೊಗ್ಗರ್ ಬೆಟ್ಟಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 1,400 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ನಡುಗುವ ಚಳಿ. ಹಗಲು ಬಿಸಿಲಿನಿಂದ ಕಾದ ಬಂಡೆ ರಾತ್ರಿ ಹಿಮದಂತೆ ತಣ್ಣಗಾಗುತ್ತದೆ.

ದಾರಿ ಎಂದು ಕರೆಯುತ್ತಿದ್ದುದು ಹಿಂದೆ ಹೋದ ಲಾರಿಗಳ ಗಾಲಿಯ ಗುರುತನ್ನು. ಗಟ್ಟಿ ನೆಲದ ಮೇಲೆ ಆ ಗುರುತು ತೊಳೆಯುವ ಕಲ್ಲಿನ ಗೀರುಗಳಂತೆ ಅಡ್ಡಡ್ಡ ಅಲೆಗಳಾಗಿ ಎದ್ದಿರುತ್ತಿತ್ತು. ಅದರ ಮೇಲೆ ಹೋಗುವ ವಾಹನದ ಒಂದೊಂದು ಮೊಳೆಯೂ ಸಡಿಲವಾಗುತ್ತದೆ. ಸವಾರರ ಹಲ್ಲುಗಳೂ ಸಡಿಲವಾಗುತ್ತವೆ ಎನ್ನಬಹುದು. ಮರಳು ಬಂದಲ್ಲಿ ಕಷ್ಟ ಬೇರೆ ಬಗೆಯದು. ಲಾರಿಯ ಗಾಲಿಗಳು ಎರಡು ಆಳವಾದ ಜಾಡುಗಳನ್ನು ತೋಡಿರುತ್ತವೆ. ಸೈಡ್‌ಕಾರ್ ವಾಹನ ಲಾರಿಗಿಂತ ಕಿರಿದು; ಮೋಟಾರ್ ಸೈಕಲ್ಲಿನ ಗಾಲಿಗಳು ಒಂದು ಜಾಡಿಗೆ ಇಳಿದರೆ ಸೈಡ್‌ಕಾರಿನ ಗಾಲಿಗೆ ಇನ್ನೊಂದು ಜಾಡು ಎಟಕುವುದಿಲ್ಲ. ಅದು ನಡುವಣ ಸಡಿಲ ಮರಳಿನಲ್ಲಿ ಹೂತುಕೊಳ್ಳುತ್ತದೆ. ಹಿಂದಿನ ಟ್ರೇಲರ್ ಲಂಗರಿನಂತೆ ಹಿಡಿದೆಳೆಯುತ್ತದೆ.

ಆಗ ಮಾಡಬೇಕಾದದ್ದು ಒಂದೇ. ಇಳಿಯುವುದು, ಸಲಿಕೆ ಹಿಡಿಯುವುದು, ಗಾಲಿಯ ಸುತ್ತ ಮರಳು ತೋಡುವುದು. ಒಬ್ಬರು ಇಂಜಿನ್ ನಡೆಸಿದರೆ ಇನ್ನೊಬ್ಬರು ಹಿಂದಿನಿಂದ ನೂಕುವುದು. ಹತ್ತು ಗಜ ಮುಂದೆ ಹೋದರೆ ಮತ್ತೆ ಅದೇ. ರಾಗಿ ಹಿಟ್ಟಿನಷ್ಟು ನುಣುಪಾದ ಆ ಮರಳು ಕಣ್ಣು, ಮೂಗು, ಅನ್ನ, ನೀರು, ಇಂಜಿನ್ ಎಲ್ಲದರೊಳಗೂ ಸೇರುತ್ತದೆ. ಒಂದು ಗಂಟೆಯ ದುಡಿಮೆಯ ಬಳಿಕ ಹಿಂದಿರುಗಿ ನೋಡಿದರೆ, ಹೊರಟ ಜಾಗ ಕೂಗಳತೆಯಲ್ಲಿಯೇ ಇರುತ್ತದೆ.

ಇಂಥ ಹೊತ್ತಿನಲ್ಲಿಯೇ ಸ್ನೇಹಕ್ಕೆ ಪರೀಕ್ಷೆ. ಲಂಡನ್ನಿನ ಚಹದಂಗಡಿಯಲ್ಲಿ ಕುಳಿತು ಗೆಳೆತನ ಮಾಡುವುದು ಸುಲಭ. ನೀರನ್ನು ಅಳೆದು ಕುಡಿಯಬೇಕಾದಾಗ, ನೂಕುವ ಸರದಿ ಯಾರದೆಂಬ ಪ್ರಶ್ನೆ ಬಂದಾಗ, ಜಾಡು ತಪ್ಪಿತೋ ಏನೋ ಎಂಬ ಸಂಶಯ ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದಿದ್ದಾಗ, ಒಂದು ಬಿರುಸು ಮಾತು ಸಾಕು, ಇಡೀ ಯಾತ್ರೆ ಅಲ್ಲಿಗೇ ಮುಗಿಯುವುದಕ್ಕೆ. ಮರುಭೂಮಿಯಲ್ಲಿ ಕೋಪಿಸಿಕೊಂಡು ಎದ್ದುಹೋಗಲು ಬೇರೆ ಕೋಣೆಯಿಲ್ಲ. ಆ ಇಬ್ಬರ ನಡುವೆ ಏನೇನು ಮಾತು ನಡೆಯಿತೋ, ಏನೇನು ಮೌನ ನಡೆಯಿತೋ. ವಾಹನವಂತೂ ದಕ್ಷಿಣಕ್ಕೆ ಸರಿಯುತ್ತಲೇ ಇತ್ತು.

ಇಂಜಿನ್ ನಿಂತಾಗ

ಕೋಟೆಗಳಲ್ಲಿ ಫ್ರೆಂಚ್ ಫಾರಿನ್ ಲೀಜನ್ನಿನ ಸೈನಿಕರು ಸಿಕ್ಕರು. ಬಯಲಿನಲ್ಲಿ ಅಲೆಮಾರಿಗಳು ಸಿಕ್ಕರು. ಹೊಗ್ಗರ್ ಸೀಮೆ ಟುವಾರೆಗ್ ಜನರದು. ಅವರಲ್ಲಿ ಮುಖ ಮುಚ್ಚಿಕೊಳ್ಳುವವರು ಗಂಡಸರು. ಹೆಂಗಸರ ಮುಖ ತೆರೆದೇ ಇರುತ್ತದೆ. ನೀಲಿ ಬಟ್ಟೆಯ ಮುಸುಕಿನೊಳಗಿಂದ ಕಣ್ಣುಗಳನ್ನು ಮಾತ್ರ ತೋರಿಸುವ ಆ ಒಂಟೆ ಸವಾರರಿಗೆ, ತಲೆಯಿಂದ ಕಾಲಿನವರೆಗೆ ಧೂಳು ತುಂಬಿದ ಈ ಹೆಂಗಸರು ಮತ್ತು ಅವರ ಮೂರು ಗಾಲಿಯ ಒಂಟೆ ಹೇಗೆ ಕಂಡಿರಬಹುದೆಂದು ಊಹಿಸಿದರೆ ನಗೆ ಬರುತ್ತದೆ.

ಸಹರಾದ ದಕ್ಷಿಣದ ಅಂಚಿನಲ್ಲಿ, ಇಂದಿನ ನೈಜರ್ ದೇಶಕ್ಕೆ ಸೇರಿದ ಅಗಾಡೆಸ್ ಎಂಬ ಪುರಾತನ ಪಟ್ಟಣವಿದೆ. ಒಂಟೆಯ ಸಾಲುಗಳು ತಂಗುತ್ತಿದ್ದ ಊರು. ಜೇಡಿಮಣ್ಣಿನಿಂದ ಕಟ್ಟಿದ, ಮರದ ತುಂಡುಗಳು ಮುಳ್ಳಿನಂತೆ ಹೊರಚಾಚಿದ ಅದರ ಮಸೀದಿಯ ಗೋಪುರ ದೂರದಿಂದಲೇ ಕಾಣುತ್ತದೆ. ಆ ಊರನ್ನು ಮುಟ್ಟುವ ಮೊದಲೇ ಪ್ಯಾಂಥರಿನ ಇಂಜಿನ್ ಕೈಕೊಟ್ಟಿತು.

ಇದು ಸ್ಪಾರ್ಕ್ ಪ್ಲಗ್ಗನ್ನು ಒರೆಸಿದರೆ ಸರಿಹೋಗುವ ಕಾಯಿಲೆಯಾಗಿರಲಿಲ್ಲ. ದಿನಗಟ್ಟಲೆ ಕೆಳಗಿನ ಗೇರಿನಲ್ಲಿ ಏದುತ್ತಾ ಭಾರ ಎಳೆಯುವ ಇಂಜಿನ್ ಮಿತಿಮೀರಿ ಕಾಯುತ್ತದೆ. ಗಾಳಿಯಿಂದ ತಂಪಾಗುವ ಇಂಜಿನ್ನಿಗೆ ವೇಗವೇ ಬೀಸಣಿಗೆ, ವೇಗವಿಲ್ಲದಿದ್ದರೆ ತಂಪಿಲ್ಲ. ಮೇಲೆ ಮರಳು ಬೇರೆ. ಒಳಗಿನ ಲೋಹ ಸವೆಯುತ್ತಾ ಹೋಗಿ ಒಂದು ದಿನ ಸೋಲುತ್ತದೆ. ವಾಹನ ನಿಂತಿತು. ಸುತ್ತಲೂ ಬಯಲು.

ಆ ಪ್ರಾಂತದ ಜನ ನೆರವಿಗೆ ಬಂದರು. ಮೋಟಾರ್ ಸೈಕಲ್, ಸೈಡ್‌ಕಾರ್, ಟ್ರೇಲರ್ ಮೂರನ್ನೂ ಅವರು ಮರಳಿನ ಮೇಲೆ ಮೈಲಿಗಟ್ಟಲೆ ಎಳೆದುಕೊಂಡು ಅಗಾಡೆಸ್‌ಗೆ ಮುಟ್ಟಿಸಿದರು. ಈ ಯಾತ್ರೆಯ ವಿಷಯ ಹೇಳುವವರೆಲ್ಲರೂ ಇಬ್ಬರು ಆಂಗ್ಲ ತರುಣಿಯರ ಹೆಸರನ್ನು ಹೇಳುತ್ತಾರೆ; ಇಂಜಿನ್ನಿನ ಹೆಸರನ್ನೂ ಹೇಳುತ್ತಾರೆ. ಎಳೆದವರ ಹೆಸರು ಯಾವ ಪದಕದ ಪಟ್ಟಿಯಲ್ಲಿಯೂ ಇಲ್ಲ. ಅವರ ಹೆಗಲಿಲ್ಲದಿದ್ದರೆ ಕೇಪ್‌ಟೌನ್ ಯಾತ್ರೆ ಅಗಾಡೆಸ್‌ನ ಇತ್ತಲೇ ಮುಗಿದಿರುತ್ತಿತ್ತು. ತಮ್ಮ ದೇಶವನ್ನು ಹೊರಗಿನವರು ಆಳುತ್ತಿದ್ದ ಕಾಲದಲ್ಲಿ, ಹೊರಗಿನಿಂದ ಬಂದ ಇಬ್ಬರು ಅಪರಿಚಿತರಿಗೆ ಅವರು ಹೆಗಲು ಕೊಟ್ಟರೆಂಬುದು ನೆನಪಿಡತಕ್ಕ ಮಾತು.

ಅಗಾಡೆಸ್‌ನಲ್ಲಿ ವರ್ಕ್‌ಷಾಪಿಲ್ಲ, ಬಿಡಿಭಾಗದ ಅಂಗಡಿಯಿಲ್ಲ. ಇದ್ದುದು ವಾಲಕ್‌ರ ವಿದ್ಯೆ. ಮನೆಯವರಿಗೆ ಹಿಡಿಸದಿದ್ದ ಆ ವಿದ್ಯೆ ಈಗ ಅನ್ನಕ್ಕಿಂತ ಹೆಚ್ಚಿನದಾಯಿತು. ಇಂಜಿನ್ನನ್ನು ಕಳಚಿದರು. ಸಿಲಿಂಡರ್ ತೆಗೆದು, ಪಿಸ್ಟನ್ ಬಿಡಿಸಿ, ಅದರ ಕೆಳಗಿನ ಕೋಶವನ್ನು ಸೀಳಿದ ಮೇಲೆ ಒಂದೊಂದು ತಿರುಪನ್ನೂ ಒಂದೊಂದು ಉಂಗುರವನ್ನೂ ಜೋಪಾನ ಮಾಡಬೇಕು. ಮರಳಿನ ಮೇಲೆ ಬಿದ್ದ ಒಂದು ಸಣ್ಣ ಭಾಗ ಸಮುದ್ರದಲ್ಲಿ ಬಿದ್ದಂತೆಯೇ ಸರಿ. ಒಳಗೆ ಒಂದು ಕಾಳು ಮರಳು ಉಳಿದರೂ ಮಾಡಿದ ಕೆಲಸವೆಲ್ಲ ವ್ಯರ್ಥ. ಹೀಗೆ ಬಿಚ್ಚಿ, ತೊಳೆದು, ತಿದ್ದಿ, ಮತ್ತೆ ಜೋಡಿಸಿ ಆ ಯಂತ್ರಕ್ಕೆ ಜೀವ ಬರಿಸಿದರು.

ಓಟದಾರಿಯಲ್ಲಿ ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಬೆಲೆಯುಂಟು. ಅಗಾಡೆಸ್‌ನಲ್ಲಿ ದಿನಗಳಿಗೂ ಲೆಕ್ಕವಿರಲಿಲ್ಲ. ಆತುರಪಟ್ಟವರಿಗೆ ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ.

ಕಾಡು, ಕೆಸರು, ಒಂದು ಕಾರು

ಅಗಾಡೆಸ್‌ನ ದಕ್ಷಿಣಕ್ಕೆ ಹೋದಂತೆ ಮರಳು ಮುಗಿದು ಮುಳ್ಳುಗಿಡ, ಮುಳ್ಳುಗಿಡ ಮುಗಿದು ಹೊಲಗದ್ದೆ ಕಾಣತೊಡಗುತ್ತವೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನೈಜೀರಿಯದ ಕಾನೋ ನಗರವನ್ನು ಸೇರಿದ ಮೇಲೆ ಮರುಭೂಮಿ ಬೆನ್ನ ಹಿಂದಾಯಿತು. ಆದರೆ ಆಫ್ರಿಕದ ಉದ್ದ ಇನ್ನೂ ಮುಂದಿತ್ತು. ಫ್ರೆಂಚರ ಸಮಭಾಜಕ ಆಫ್ರಿಕ, ಬೆಲ್ಜಿಯನ್ ಕಾಂಗೋ, ಉಗಾಂಡ, ಕೆನ್ಯಾ, ಟಾಂಗನೀಕ, ರೊಡೇಷಿಯ. ಇವು ಅಂದಿನ ಭೂಪಟದ ಹೆಸರುಗಳು. ಇವುಗಳಲ್ಲಿ ಉಗಾಂಡ, ಕೆನ್ಯಾಗಳ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಟಾಂಗನೀಕ 1964ರಲ್ಲಿ ಜಾಂಜಿಬಾರಿನೊಡನೆ ಕೂಡಿ ಟಾಂಜಾನಿಯವಾಯಿತು. ಉತ್ತರ ರೊಡೇಷಿಯ ಅದೇ ವರ್ಷ ಜಾಂಬಿಯವಾಯಿತು. ದಕ್ಷಿಣ ರೊಡೇಷಿಯ 1980ರಲ್ಲಿ ಜಿಂಬಾಬ್ವೆ ಎಂಬ ಹೆಸರನ್ನು ತಳೆಯಿತು.

ಮರಳಿನಲ್ಲಿ ನೀರಿಲ್ಲದೆ ಕಷ್ಟವಾದರೆ ಕಾಡಿನಲ್ಲಿ ನೀರು ಹೆಚ್ಚಾಗಿ ಕಷ್ಟ. ಸಮಭಾಜಕ ವೃತ್ತದ ಮಳೆ ಬಿದ್ದ ಮೇಲೆ ಕೆಂಪುಮಣ್ಣಿನ ದಾರಿ ಬೆಣ್ಣೆಯಂತಾಗುತ್ತದೆ. ಎರಡು ಕಡೆಯೂ ಸೂರ್ಯನನ್ನು ಮರೆಮಾಡುವ ಮರಗಳು. ಸೇತುವೆಯಿಲ್ಲದ ಹೊಳೆಗಳಲ್ಲಿ ಮರದ ದೋಣಿಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ, ಮೇಲೆ ಹಲಗೆ ಹಾಸಿ ವಾಹನಗಳನ್ನು ದಾಟಿಸುವ ಪದ್ಧತಿ ಆ ನಾಡುಗಳಲ್ಲಿತ್ತು. ಹಾವುಗಳು, ಗೊರಿಲ್ಲಗಳು, ಮುಂದೆ ಪೂರ್ವ ಆಫ್ರಿಕದ ಬಯಲಿನಲ್ಲಿ ಸಿಂಹಗಳು ದಾರಿಯ ಸಂಗಾತಿಗಳಾದವು. ರಾತ್ರಿ ಡೇರೆಯ ಬಟ್ಟೆಯ ಆಚೆಗೆ ಸಿಂಹದ ಗರ್ಜನೆ ಕೇಳುತ್ತಿರುವಾಗ ನಿದ್ದೆ ಮಾಡುವುದನ್ನು ಯಾವ ಪಾಲಿಟೆಕ್ನಿಕ್ಕಿನಲ್ಲಿಯೂ ಕಲಿಸುವುದಿಲ್ಲ.

ವಿಧಿಯ ವಿನೋದವನ್ನು ನೋಡಬೇಕಾದರೆ ಟಾಂಗನೀಕದ ಪ್ರಸಂಗವನ್ನು ನೋಡಬೇಕು. ಹಲವು ದಿನಗಳಿಂದ ದಾರಿಯಲ್ಲಿ ಇನ್ನೊಂದು ವಾಹನವೇ ಕಂಡಿರಲಿಲ್ಲ. ಕಡೆಗೆ ಒಂದು ಕಾರು ಬಂದಿತು. ಬಂದದ್ದು ನೇರವಾಗಿ ಎದುರಿಗೆ. ಎರಡೂ ಡಿಕ್ಕಿ ಹೊಡೆದವು! ಸಾವಿರಾರು ಮೈಲಿಗಳ ಮರಳಿಗೂ ಕೆಸರಿಗೂ ಜಗ್ಗದಿದ್ದ ಯಾತ್ರೆಯನ್ನು ಆ ಒಂದೇ ಒಂದು ಕಾರು ಬಹುಮಟ್ಟಿಗೆ ಮುಗಿಸಿಯೇಬಿಟ್ಟಿತ್ತು. ಆದರೂ ಗೆಳತಿಯರು ಎದ್ದರು. ಮತ್ತೆ ದಕ್ಷಿಣದ ದಾರಿ ಹಿಡಿದರು.

1935ನೆಯ ಇಸವಿ ಜುಲೈ 29ರಂದು ಅವರು ಕೇಪ್‌ಟೌನನ್ನು ಸೇರಿದರು. ಲಂಡನ್ ಬಿಟ್ಟು 230 ದಿನಗಳಾಗಿದ್ದವು. ಹೊರಟಾಗ ಲಂಡನ್ನಿನಲ್ಲಿ ಚಳಿಗಾಲ. ತಲುಪಿದಾಗ ಕೇಪ್‌ಟೌನಿನಲ್ಲಿಯೂ ಚಳಿಗಾಲ. ಒಂದು ಚಳಿಗಾಲದಿಂದ ಇನ್ನೊಂದು ಚಳಿಗಾಲಕ್ಕೆ, ಭೂಮಿಯ ಒಂದು ಗೋಲಾರ್ಧದಿಂದ ಇನ್ನೊಂದು ಗೋಲಾರ್ಧಕ್ಕೆ, ಒಂದೇ ಸಿಲಿಂಡರಿನ ಬಂಡಿ ಅವರನ್ನು ಎಳೆದು ತಂದಿತ್ತು.

ಉಳಿದ ಬದುಕು

ಗೆಳತಿಗೆ ದಕ್ಕಿದ್ದ ಗೋಲ್ಡ್ ಸ್ಟಾರ್ ಪದಕ ವಾಲಕ್‌ರ ಮನಸ್ಸಿನಿಂದ ಮರೆಯಾಗಿರಲಿಲ್ಲ. 1939ರಲ್ಲಿ ಆಕೆ ಬ್ರೂಕ್‌ಲ್ಯಾಂಡ್ಸ್‌ಗೆ ಬಂದರು. ಏರಿದ್ದು ಎರವಲು ತಂದ 350 ಸಿ.ಸಿ.ಯ ನಾರ್ಟನ್. ಸುತ್ತಿದ ವೇಗ ಗಂಟೆಗೆ 101.64 ಮೈಲಿ. ಹೀಗೆ ಆ ಪದಕವನ್ನು ಪಡೆದ ಹೆಂಗಸರು ಮೂವರಾದರು. ನಾಲ್ಕನೆಯವರಿಗೆ ಅವಕಾಶವೇ ಉಳಿಯಲಿಲ್ಲ. ಅದೇ ವರ್ಷ ಯುದ್ಧ ಬಂದು ಬ್ರೂಕ್‌ಲ್ಯಾಂಡ್ಸ್‌ನ ಪಂದ್ಯಗಳು ಶಾಶ್ವತವಾಗಿ ನಿಂತವು.

ಎರಡನೆಯ ಮಹಾಯುದ್ಧದಲ್ಲಿ ವಾಲಕ್ ಬ್ರಿಟಿಷ್ ಸೈನ್ಯದಲ್ಲಿ ಮೆಕ್ಯಾನಿಕ್ಕಾಗಿಯೂ, ಮೋಟಾರ್ ಸೈಕಲ್ಲಿನಲ್ಲಿ ಸುದ್ದಿ ಒಯ್ಯುವ ಸವಾರರಾಗಿಯೂ ದುಡಿದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಸಂಯುಕ್ತ ಸಂಸ್ಥಾನ, ಕೆನಡ, ಮೆಕ್ಸಿಕೋಗಳನ್ನು ಎರಡೂವರೆ ವರ್ಷ ಮೋಟಾರ್ ಸೈಕಲ್ಲಿನಲ್ಲಿಯೇ ಸುತ್ತಿದರು. ಆ ಸುತ್ತಾಟ ಸುಮಾರು 32,000 ಮೈಲಿಗಳದು. 1952ರಲ್ಲಿ ಅಲ್ಲಿಯೇ ನೆಲಸಿ ಷಿಕಾಗೋದಲ್ಲಿ ಮೋಟಾರ್ ಸೈಕಲ್ ಅಂಗಡಿ ತೆರೆದರು. ಹೊಸಬರಿಗೆ ಸವಾರಿ ಕಲಿಸುವ ಪುಸ್ತಕವೊಂದನ್ನು 1970ರಲ್ಲಿ ಬರೆದರು. 1973ರಲ್ಲಿ ಅರಿಜೋನದ ಫೀನಿಕ್ಸ್ ನಗರಕ್ಕೆ ಹೋಗಿ ಸವಾರಿಯ ಶಾಲೆಯನ್ನೇ ತೆರೆದರು.

ಆಕೆ ಎಂದೂ ಸ್ವಂತ ಕಾರು ಕೊಳ್ಳಲಿಲ್ಲ. ಕಣ್ಣು ಮಂಜಾಗಿ ಬಿಡಲೇಬೇಕಾಗುವವರೆಗೆ, 88ನೆಯ ವಯಸ್ಸಿನವರೆಗೆ, ಮೋಟಾರ್ ಸೈಕಲ್ ನಡೆಸಿದರು. 1999ನೆಯ ಏಪ್ರಿಲ್ 30ರಂದು, ತಮ್ಮ ತೊಂಬತ್ತನೆಯ ಹುಟ್ಟುಹಬ್ಬದ ದಿನ, ತೀರಿಕೊಂಡರು. ಬ್ಲೆಂಕಿರನ್ 1991ರಲ್ಲಿಯೇ ತೀರಿಕೊಂಡಿದ್ದರು.

ಆ ಯಾತ್ರೆಯ ಕಥೆಯನ್ನು ವಾಲಕ್ ಬರೆದಿಟ್ಟಿದ್ದರು. 'ದಿ ರಗ್ಗಡ್ ರೋಡ್' ಎಂಬ ಹೆಸರಿನಲ್ಲಿ ಅದು ಅಚ್ಚಾಗಿ ಹೊರಬಂದದ್ದು 2001ರಲ್ಲಿ. ಕೇಪ್‌ಟೌನ್ ತಲುಪಿ ಆಗಲೇ ಅರುವತ್ತಾರು ವರ್ಷಗಳಾಗಿದ್ದವು. ತಮ್ಮ ಸಾಹಸ ಪುಸ್ತಕವಾದದ್ದನ್ನು ನೋಡಲು ಗೆಳತಿಯರಿಬ್ಬರೂ ಇರಲಿಲ್ಲ.

ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅವರ ವೇಗವನ್ನು ಗಡಿಯಾರ ಹಿಡಿದು ದಶಮಾಂಶದವರೆಗೆ ಅಳೆದರು. ಅಗಾಡೆಸ್‌ನ ಬಯಲಿನಲ್ಲಿ, ಹತ್ತು ಗಜಕ್ಕೊಮ್ಮೆ ನಿಂತು, ಮರಳು ತೋಡಿ, ಒಬ್ಬರನ್ನೊಬ್ಬರು ನೋಡಿ ಮತ್ತೆ ನೂಕಲು ಬಗ್ಗಿದಾಗ ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ. ಅವರನ್ನು ಕೇಪ್‌ಟೌನಿಗೆ ಮುಟ್ಟಿಸಿದ್ದು ಮಾತ್ರ ಆ ಎರಡನೆಯದೇ.